ವಿಲ್ಯಾನ್ ತೀರ್ಮಾನವನ್ನು ಕೇಬಲ್‌ಗೆ ಬಿಡಬೇಡಿ

ಈಥರ್‌ನೆಟ್ ಕೇಬಲ್ ಸಿಕ್ಕಿಸಿದ ಕೂಡಲೇ ಎರಡೂ ತುದಿಯ ಸಾಧನಗಳು ವೇಗವೆಷ್ಟು, ಡ್ಯೂಪ್ಲೆಕ್ಸ್ ಯಾವುದು ಎಂದು ತಮ್ಮತಮ್ಮಲ್ಲೇ ಒಪ್ಪಂದಕ್ಕೆ ಬರುತ್ತವೆ. ಹಾಗಿದ್ದ ಮೇಲೆ ಒಂದೇ ಜಾಲವನ್ನು ಪ್ರತ್ಯೇಕ ಜಾಲಗಳಾಗಿ ವಿಂಗಡಿಸುವ ವಿಲ್ಯಾನ್ ಬೆಂಬಲದ ವಿಷಯವನ್ನೂ ಅಲ್ಲೇ ಇತ್ಯರ್ಥ ಮಾಡಿಬಿಡಬಾರದೇಕೆ ಎಂಬ ವಾದವಿದೆ. ಮೇಲ್ನೋಟಕ್ಕೆ ಸಲೀಸಾಗಿ ಕಾಣುವ ಈ ವಾದ ಅಪಾಯಕಾರಿ.

ಹಾಗೆ ಕೇಳುವವರ ಸಂಕಟ ಸುಳ್ಳಲ್ಲ. 1998ರಲ್ಲಿ 802.1ಕ್ಯೂ ಮಾನದಂಡ ಬಂದಾಗ ವಿಲ್ಯಾನ್ ಗುರುತು ಹೊತ್ತ ಪ್ರತಿ ಫ್ರೇಮ್‌ಗೆ 4 ಬೈಟ್‌ಗಳ ಟ್ಯಾಗ್ ಸೇರಿತು. 1518 ಬೈಟ್ ಇದ್ದ ಗರಿಷ್ಠ ಗಾತ್ರ 1522ಕ್ಕೆ ಏರಿತು. ಹಳೆಯ ಕಾರ್ಡ್ ಅಥವಾ ಅಗ್ಗದ ಸ್ವಿಚ್ ಒಂದು ದಾರಿಯಲ್ಲಿದ್ದರೆ ಆ ದೊಡ್ಡ ಫ್ರೇಮ್ ಸದ್ದಿಲ್ಲದೆ ಕಸದಬುಟ್ಟಿ ಸೇರುತ್ತದೆ. ಪಿಂಗ್ ಸರಿಯಾಗಿ ಹೋಗುತ್ತದೆ, ಲಾಗಿನ್ ಕೂಡ ಆಗುತ್ತದೆ. ದೊಡ್ಡ ಫೈಲ್ ಕಳಿಸಿದರೆ ಮಾತ್ರ ಎಲ್ಲವೂ ನಿಂತುಬಿಡುತ್ತದೆ. ಲೈಟ್ ಹಸಿರಾಗಿಯೇ ಮಿನುಗುತ್ತಿರುವಾಗ ದೋಷ ಎಲ್ಲಿದೆಯೆಂದು ಹುಡುಕುವವರ ಪಾಡು ಯಾರಿಗೂ ಬೇಡ.

ಆದರೆ ವಿಲ್ಯಾನನ್ನು ಕೇಬಲ್ ತುದಿಗಳ ಮಾತುಕತೆಗೆ ಸೇರಿಸುವುದು ಇದಕ್ಕೆ ಮದ್ದಲ್ಲ. ಆ ಮಾತುಕತೆ, ಅಂದರೆ 1995ರ 802.3ಯು ತಂದ ಆಟೋ ನೆಗೋಷಿಯೇಷನ್, ಎಷ್ಟು ಸಣ್ಣ ಮಾತುಕತೆ ಎಂಬುದನ್ನು ನೋಡಿ. ತಂತಿಯಲ್ಲಿ ಮಿಡಿಯುವ ಪಲ್ಸ್‌ಗಳಲ್ಲಿ 16 ಬಿಟ್‌ಗಳ ಒಂದು ಪದ. ಅದರಲ್ಲಿ ಸಾಮರ್ಥ್ಯ ಹೇಳಿಕೊಳ್ಳಲು ಮೀಸಲಾದದ್ದು 8 ಬಿಟ್. ಎರಡು ಚಿಪ್‌ಗಳು ಪರಸ್ಪರ 'ನನ್ನಿಂದ ಇಷ್ಟು ಆಗುತ್ತದೆ' ಎನ್ನುತ್ತವೆ, ಅಷ್ಟೇ. 'ನೆಕ್ಸ್ಟ್ ಪೇಜ್' ಎಂಬ ಹೆಚ್ಚುವರಿ ಪದಗಳನ್ನು ಸೇರಿಸಿ ಇನ್ನಷ್ಟು ಹೇಳಿಸಬಹುದು, ನಿಜ. ಹೇಳಿಸಿದರೂ ಆ ಮಾತು ಕೇಬಲ್‌ನ ಆಚೆ ತುದಿಯಲ್ಲೇ ಮುಗಿಯುತ್ತದೆ.

ಫ್ಲೋ ಕಂಟ್ರೋಲಿನ ಪಾಜ್ (ಸ್ವಲ್ಪ ತಡೆ ಎನ್ನುವ) ಸಾಮರ್ಥ್ಯವನ್ನು ಇದೇ ಮಾತುಕತೆಗೆ ಸೇರಿಸಲಿಲ್ಲವೇ ಎಂದು ಕೇಳುತ್ತಾರೆ. ಸೇರಿಸಿದ್ದಾರೆ. ಪಾಜ್ ಫ್ರೇಮ್ ಪಕ್ಕದ ಸಾಧನಕ್ಕೆ ತಲುಪಿ ಅಲ್ಲೇ ಕೊನೆಯಾಗುತ್ತದೆ, ಹಾಗಾಗಿ ಪಕ್ಕದವನ ಒಪ್ಪಿಗೆ ಸಾಕು. ಟ್ಯಾಗ್ ಹೊತ್ತ ಫ್ರೇಮ್ ಹಾಗಲ್ಲ. ಒಂದಾದ ಮೇಲೊಂದು ಸ್ವಿಚ್ ದಾಟಬೇಕು. ಪಕ್ಕದ ಸ್ವಿಚ್ 'ಆಗುತ್ತದೆ' ಎಂದ ಮಾತ್ರಕ್ಕೆ ಮೂರನೆಯದು 1522 ಬೈಟ್ ಸಹಿಸುತ್ತದೆ ಎಂದು ಹೇಳುವವರು ಯಾರು? ಸುಳ್ಳು ಭರವಸೆಗಿಂತ ಭರವಸೆ ಇಲ್ಲದಿರುವುದೇ ವಾಸಿ.

ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆ. ವೇಗ ಎಂಬುದು ಸಾಮರ್ಥ್ಯದ ಪ್ರಶ್ನೆ, ವಿಲ್ಯಾನ್ ಎಂಬುದು ಅನುಮತಿಯ ಪ್ರಶ್ನೆ. ಲೆಕ್ಕಪತ್ರ ವಿಭಾಗದ ಸರ್ವರ್‌ಗೆ ಅತಿಥಿಗಳ ವೈಫೈಯಿಂದ ದಾರಿ ಇರಬೇಕೇ ಎಂದು ತೀರ್ಮಾನಿಸುವುದು ಸಂಸ್ಥೆ. ಬಾಗಿಲಿಗೆ ಬಂದವರನ್ನೇ ಯಾವ ಕೋಣೆಯ ಬೀಗದ ಕೈ ಬೇಕೆಂದು ಕೇಳಿ ಕೊಟ್ಟುಬಿಡುವ ಮನೆ ಎಲ್ಲಾದರೂ ಉಂಟೇ?

ಬೆಂಬಲ ಇದೆಯೋ ಇಲ್ಲವೋ ಎಂದಷ್ಟೇ ಕೇಳುತ್ತೇವೆ ಎನ್ನುವವರು ಸಿಸ್ಕೊದ ಡಿಟಿಪಿಯನ್ನು ನೆನಪಿಸಿಕೊಳ್ಳಲಿ. ಅದು ಪಲ್ಸ್‌ಗಳಲ್ಲಲ್ಲ, ಅದರ ಮೇಲಿನ ಫ್ರೇಮ್‌ಗಳಲ್ಲಿ ನಡೆಯುವ ಮಾತುಕತೆ. ಆದರೂ ಆಸೆ ಇದೇ, ಪೋರ್ಟ್ ತಾನಾಗಿ ಹಲವು ವಿಲ್ಯಾನ್‌ಗಳನ್ನು ಸಾಗಿಸುವ ಟ್ರಂಕ್ ಆಗಲಿ ಎಂಬುದು. ಹಲವು ಸ್ವಿಚ್‌ಗಳಲ್ಲಿ ಅದು ಮೊದಲಿಂದಲೇ ಚಾಲೂ ಇರುತ್ತಿತ್ತು. ಲ್ಯಾಪ್‌ಟಾಪ್ ಒಂದು ತಾನೂ ಸ್ವಿಚ್ಚೇ ಎಂದು ನಟಿಸಿ ನಾಲ್ಕು ಫ್ರೇಮ್ ಕಳಿಸಿದರೆ ಗೋಡೆಯ ಪೋರ್ಟ್ ಟ್ರಂಕ್ ಆಗಿ, ಎಲ್ಲ ವಿಲ್ಯಾನ್‌ಗಳೂ ಅದರ ಮುಂದೆ ತೆರೆದುಕೊಳ್ಳುತ್ತಿದ್ದವು. ಯರ್ಸಿನಿಯಾ ಎಂಬ ಉಪಕರಣ ಈ ಕೆಲಸವನ್ನು ಕೆಲವು ಕೀಲಿಗಳ ಒತ್ತುವಿಕೆಗೆ ಇಳಿಸಿತು. ಇಂದಿಗೂ ಸ್ವಿಚ್ ಭದ್ರಪಡಿಸಲು ಕೂತವರು ಮೊದಲು ಬರೆಯುವ ಸಾಲುಗಳಲ್ಲಿ 'ಸ್ವಿಚ್‌ಪೋರ್ಟ್ ನಾನ್‌ನೆಗೋಷಿಯೇಟ್', ಅಂದರೆ ಈ ಮಾತುಕತೆಯೇ ಬೇಡ ಎಂಬ ಆಜ್ಞೆ, ಒಂದು.

ಸಾಧನಗಳು ಮಾತಾಡಲೇಬಾರದು ಎಂದಲ್ಲ. ಪಕ್ಕದ ಸಾಧನಕ್ಕೆ ತನ್ನ ವಿವರ ಸಾರುವ 2005ರ ಎಲ್‌ಎಲ್‌ಡಿಪಿ ಮಾನದಂಡದ ಮೂಲಕ ಪೋರ್ಟ್ ತನ್ನ ವಿಲ್ಯಾನ್ ಸಂಖ್ಯೆಯನ್ನೂ ತಾಳುವ ಫ್ರೇಮ್ ಗಾತ್ರವನ್ನೂ ಸಾರಬಹುದು. ಎರಡು ತುದಿ ಹೊಂದದಿದ್ದರೆ ಲಾಗ್‌ನಲ್ಲಿ ಎಚ್ಚರಿಕೆ ಬೀಳಲಿ, ಅದನ್ನು ಓದಿದ ಅಡ್ಮಿನ್ ಸಂರಚನೆ ಬದಲಿಸಲಿ. ಇನ್ನು ತಯಾರಕರು ತಮ್ಮ ಕಾರ್ಡ್, ಸ್ವಿಚ್ ಎಷ್ಟು ಬೈಟ್ ತಾಳುತ್ತದೆ ಎಂಬುದನ್ನು ಡೇಟಾಶೀಟ್‌ನ ಮೊದಲ ಪುಟದಲ್ಲೇ ಅಚ್ಚು ಹಾಕಬೇಕು. ಕೊಳ್ಳುವವರು ಆ ಸಂಖ್ಯೆ ನೋಡದೆ ಆರ್ಡರ್‌ಗೆ ಸಹಿ ಹಾಕಬಾರದು.