ವಿದ್ಯಾರ್ಥಿವೇತನ ಮಂಜೂರಾದರೆ ಸಾಲದು, ಮಕ್ಕಳ ಕೈ ಸೇರಬೇಕು

ಜೂನ್-ಜುಲೈ ಬಂತೆಂದರೆ ಮುಂಬಯಿ ಮತ್ತು ಉಪನಗರಗಳ ನಮ್ಮ ಸಂಘ-ಸಂಸ್ಥೆಗಳಲ್ಲಿ ವಿದ್ಯಾರ್ಥಿವೇತನ ವಿತರಣೆ, ಪ್ರತಿಭಾ ಪುರಸ್ಕಾರ, ಉಚಿತ ಪುಸ್ತಕ ವಿತರಣೆಯ ಸಮಾರಂಭಗಳು ಸಾಲು ಸಾಲಾಗಿ ನಡೆಯುತ್ತವೆ. ದಾನಿಗಳನ್ನು ಶಾಲು ಹೊದಿಸಿ ಗೌರವಿಸಲಾಗುತ್ತದೆ, ಮಕ್ಕಳು ವೇದಿಕೆಗೆ ಬಂದು ಲಕೋಟೆ ಪಡೆಯುತ್ತಾರೆ. ಅಭಿಮಾನ ಪಡಬೇಕಾದ ವಿಷಯವೇ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಮಂಜೂರು ಬೇರೆ, ಜಮಾ ಬೇರೆ. ಇವೆರಡರ ನಡುವಿನ ಅಂತರದಲ್ಲಿ ನಮ್ಮ ಎಷ್ಟೋ ಮಕ್ಕಳು ಸಿಕ್ಕಿಕೊಳ್ಳುತ್ತಿದ್ದಾರೆ.

ನಮ್ಮ ಕಟ್ಟಡದಲ್ಲೇ ಇರುವ ಹೊಟೇಲ್ ಕ್ಯಾಶಿಯರ್ ಒಬ್ಬರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಊರಿನಿಂದ ಬಂದ ಕುಟುಂಬಗಳಿಗೆ ಇಲ್ಲಿ ಜಾತಿ ಪ್ರಮಾಣಪತ್ರ ಸುಲಭವಾಗಿ ಸಿಗುವುದಿಲ್ಲ. ಹಿಂದುಳಿದ ವರ್ಗದವರಾದರೆ 1967ಕ್ಕೆ ಮೊದಲು, ಪರಿಶಿಷ್ಟ ಜಾತಿಯವರಾದರೆ 1950ಕ್ಕೆ ಮೊದಲು ಹಿರಿಯರು ಮಹಾರಾಷ್ಟ್ರದಲ್ಲಿ ನೆಲೆಸಿದ್ದ ದಾಖಲೆ ಬೇಕು. ಹಾಗಾಗಿ ಹುಡುಗ ಸಾಮಾನ್ಯ ವರ್ಗದಲ್ಲೇ ಸೀಟು ಪಡೆದು ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆಗೆ ಅರ್ಜಿ ಹಾಕಿದ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಒಳಗಿದ್ದರೆ ಬೋಧನಾ ಶುಲ್ಕದ ಅರ್ಧ ಭಾಗವನ್ನು ಸರಕಾರ ಭರಿಸುವ ಯೋಜನೆ ಇದು. ಕಾಲೇಜಿನವರು ಮಾತ್ರ ಪೂರ್ತಿ ಶುಲ್ಕ ಮೊದಲೇ ಕಟ್ಟಿ ಎಂದರು. ತಾಯಿ ಬಳೆ ಅಡವಿಟ್ಟು ಕಟ್ಟಿದರು.

ಅರ್ಜಿ ಮಂಜೂರಾಯಿತು. ಹಣ ಬಿಡುಗಡೆಯಾಗಿದೆ ಎಂದು ಪೋರ್ಟಲ್‌ನಲ್ಲಿ ಕಾಣಿಸಿತು. ಪಾಸ್‌ಬುಕ್‌ನಲ್ಲಿ ಮಾತ್ರ ಎಂಟ್ರಿ ಇಲ್ಲ. ಕಾಲೇಜಿಗೆ ಹೋದರೆ ಬ್ಯಾಂಕಿನಲ್ಲಿ ಕೇಳು ಎಂದರು, ಬ್ಯಾಂಕಿಗೆ ಹೋದರೆ ಕಾಲೇಜಿನಲ್ಲಿ ಕೇಳು ಎಂದರು. ಹೀಗೇ ನಾಲ್ಕು ತಿಂಗಳು ಕಳೆಯಿತು. ಕೊನೆಗೆ ಆ ತಾಯಿ ನಮ್ಮ ಮನೆಗೆ ಬಂದು, "ಅಣ್ಣಾ, ನೀವು ಬ್ಯಾಂಕಿನವರು, ಒಮ್ಮೆ ನೋಡಿ" ಎಂದರು.

ನೋಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ಭಾಗವಿದೆ. ಅಲ್ಲಿ ಬೇರೆಯೇ ಬ್ಯಾಂಕಿನ ಹೆಸರಿತ್ತು. ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ಹೆಬ್ಬೆರಳು ಒತ್ತಿಸಿಕೊಂಡು ತೆರೆದ ಖಾತೆ ಅದು. ಹುಡುಗನಿಗೆ ನೆನಪೇ ಇರಲಿಲ್ಲ. ಹಣ ನಾಲ್ಕು ತಿಂಗಳಿಂದ ಅಲ್ಲೇ ಬಿದ್ದಿತ್ತು.

ಇದನ್ನು ನಮ್ಮ ಹೆತ್ತವರು ತಿಳಿಯಬೇಕು. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದರೆ ಸಾಲದು. ಅದು ಕೆವೈಸಿಗೆ ಮಾತ್ರ. ಆಧಾರ್ ಆಧಾರಿತ ಪಾವತಿಯಲ್ಲಿ ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಹಣ ಹೋಗುವುದಿಲ್ಲ, ಎನ್‌ಪಿಸಿಐ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಯ ಮುಂದೆ ಯಾವ ಬ್ಯಾಂಕ್ ಕೊನೆಯದಾಗಿ ಸೇರಿದೆಯೋ ಅಲ್ಲಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕ್. ಬದಲಾಯಿಸಲು ಬೇಕಾದ ಶಾಖೆಯಲ್ಲಿ ಒಪ್ಪಿಗೆ ಪತ್ರ ಕೊಡಬೇಕು.

ಖಾತೆ ಸಂಖ್ಯೆಗೇ ಹಣ ಕಳುಹಿಸುವ ಕಡೆ ಇನ್ನೊಂದು ತೊಡಕು. ನಮ್ಮ ಕರಾವಳಿಯವರ ಮನೆ ಮನೆಯಲ್ಲಿ ಪಾಸ್‌ಬುಕ್ ಇದ್ದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲೂ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಶನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. 2021ರಲ್ಲಿ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು ನಿಂತುಹೋದವು. ಕಪಾಟಿನಲ್ಲಿರುವ ಹಳೆಯ ಪಾಸ್‌ಬುಕ್ ನೋಡಿ ಅರ್ಜಿ ತುಂಬಿದರೆ ಹಣ ಹಿಂದಕ್ಕೆ ಹೋಗದೆ ಇನ್ನೇನಾದೀತು?

ತಪ್ಪು ಹೆತ್ತವರದ್ದೆಂದು ಹೇಳಿ ಕೈತೊಳೆದುಕೊಳ್ಳಲಾರೆ. "ಸರ್ವರ್ ಇಲ್ಲ, ನಾಳೆ ಬಾ" ಎಂದು ನಾನೂ ನಮ್ಮ ಕೌಂಟರಿನಿಂದ ಎಷ್ಟೋ ಮಕ್ಕಳನ್ನು ಕಳುಹಿಸಿದ್ದೇನೆ. ಆ ನಾಳೆಗಾಗಿ ಅಪ್ಪ ಒಂದು ದಿನದ ಸಂಬಳ ಬಿಡಬೇಕಾಗುತ್ತದೆ ಎಂದು ಆಗ ಯೋಚಿಸಲಿಲ್ಲ. ಆ ಹುಡುಗನ ಹಣವೇನೋ ಸಿಕ್ಕಿತು. ಬಳೆಯ ಮೇಲಿನ ನಾಲ್ಕು ತಿಂಗಳ ಬಡ್ಡಿಯನ್ನು ಸರಕಾರವೂ ಕೊಡಲಿಲ್ಲ, ಬ್ಯಾಂಕೂ ಕೊಡಲಿಲ್ಲ, ಕಾಲೇಜೂ ಕೊಡಲಿಲ್ಲ.

ಇಲ್ಲಿ ನಮ್ಮ ಸಂಘಗಳು ಏನು ಮಾಡಬಹುದು? ಒಂದು ಸಂಘ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಎರಡೋ ಐದೋ ಸಾವಿರ ಕೊಡುತ್ತದೆ. ಅದೇ ವಿದ್ಯಾರ್ಥಿಗೆ ಸರಕಾರದಿಂದ ಬರಬೇಕಾದದ್ದು ಅದರ ಹತ್ತು ಪಾಲು ಇರಬಹುದು. 2024-25ರಿಂದ ಮಹಾರಾಷ್ಟ್ರ ಸರಕಾರ ವೃತ್ತಿಪರ ಕೋರ್ಸುಗಳಲ್ಲಿ 8 ಲಕ್ಷದೊಳಗಿನ ಆದಾಯದ, ಆರ್ಥಿಕವಾಗಿ ಹಾಗೂ ಸಾಮಾಜಿಕವಾಗಿ ಹಿಂದುಳಿದ ಕುಟುಂಬಗಳ ಹೆಣ್ಣುಮಕ್ಕಳಿಗೆ ಪೂರ್ತಿ ಶುಲ್ಕ ವಿನಾಯಿತಿಯನ್ನೇ ಘೋಷಿಸಿದೆ. ಆ ಹಣ ಬರುವಂತೆ ನೋಡಿಕೊಂಡರೆ ಸಂಘದ ಬೊಕ್ಕಸದಿಂದ ಒಂದು ಪೈಸೆ ಖರ್ಚಿಲ್ಲದೆ ದೊಡ್ಡ ಉಪಕಾರ ಮಾಡಿದಂತಾಗುತ್ತದೆ.

ತಿಂಗಳಿಗೆ ಎರಡು ರವಿವಾರ, ಬೆಳಿಗ್ಗೆ 10ರಿಂದ 1ರವರೆಗೆ, ಸಂಘದ ಕಚೇರಿಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಒಂದು ರಿಜಿಸ್ಟರ್ ಇಡೋಣ. ಅರ್ಜಿ ಸಂಖ್ಯೆ, ತಾರೀಕು, ಎಲ್ಲಿ ನಿಂತಿದೆ ಎಂಬುದನ್ನು ಬರೆದಿಡೋಣ. ಅರ್ಜಿ ಕಾಲೇಜಿನ ಲಾಗಿನ್‌ನಲ್ಲಿದೆಯೇ, ಇಲಾಖೆಯಲ್ಲಿದೆಯೇ, ತಿದ್ದುಪಡಿಗೆ ಹಿಂದಕ್ಕೆ ಬಂದಿದೆಯೇ ಎಂದು ನೋಡುವುದು ಕಷ್ಟವಲ್ಲ. ಕಾಲೇಜಿಗೆ ಬಾಯಿಮಾತಿನ ಬದಲು ಲಿಖಿತ ಮನವಿ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದನ್ನು ಮಕ್ಕಳಿಗೆ ಕಲಿಸೋಣ. ಬ್ಯಾಂಕ್ 30 ದಿನಗಳಲ್ಲಿ ದೂರು ಬಗೆಹರಿಸದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿದ್ದಾರೆ. ಇಲಾಖೆ ಸುಮ್ಮನಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ, ಶುಲ್ಕ 10 ರೂಪಾಯಿ. ಇದಕ್ಕೆಲ್ಲ ವಕೀಲರು ಬೇಡ. ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕರು ನಮ್ಮ ಪ್ರತಿಯೊಂದು ಸಂಘದಲ್ಲೂ ಇದ್ದಾರೆ. ಅವರನ್ನು ಸನ್ಮಾನಕ್ಕೆ ಮಾತ್ರ ಕರೆಯದೆ ಈ ಕೆಲಸಕ್ಕೂ ಕರೆಯೋಣ.

ಇನ್ನೊಂದು ಮಾತು, ಪದಾಧಿಕಾರಿಗಳು ಬೇಸರಿಸಬಾರದು. ನಾವು ಕೊಡುವ ವಿದ್ಯಾರ್ಥಿವೇತನವೂ ಎಷ್ಟೋ ಸಲ ತಡವಾಗುತ್ತದೆ. ಮುಖ್ಯ ಅತಿಥಿಗಳ ತಾರೀಕು ಸಿಗಲಿಲ್ಲ, ಸಭಾಗೃಹ ಸಿಗಲಿಲ್ಲ ಎಂದು ಸಮಾರಂಭ ಮುಂದೆ ಹೋಗುತ್ತದೆ. ಕಾಲೇಜು ಶುಲ್ಕದ ಕೊನೆಯ ದಿನಾಂಕ ಮುಂದೆ ಹೋಗುವುದಿಲ್ಲ. ಹಣವನ್ನು ಮೊದಲು ಖಾತೆಗೆ ಜಮಾ ಮಾಡಿ, ಸಮಾರಂಭವನ್ನು ಅನುಕೂಲವಾದಾಗ ಮಾಡಿದರೆ ದಾನಿಗಳ ಗೌರವಕ್ಕೇನೂ ಕುಂದಿಲ್ಲ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಗ ನನಗೂ ಒಂದು ಸಂಸ್ಥೆಯಿಂದ 300 ರೂಪಾಯಿ ಮಂಜೂರಾಗಿತ್ತು. ಚೆಕ್ ಕೈಗೆ ಬಂದದ್ದು ಪರೀಕ್ಷಾ ಶುಲ್ಕದ ದಿನ ಕಳೆದು ಎರಡು ತಿಂಗಳ ಮೇಲೆ. ಆ ವರ್ಷ ಶುಲ್ಕ ಕಟ್ಟಿದವರು ನಮ್ಮ ಹೊಟೇಲಿನ ಧಣಿಗಳು. ಅವರು ಕೊಡದಿದ್ದರೆ ಪರೀಕ್ಷೆಗೆ ಕೂರುತ್ತಿರಲಿಲ್ಲ, ಬಹುಶಃ ಬ್ಯಾಂಕಿನ ಕೆಲಸಕ್ಕೂ ಸೇರುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ ಅಂತಹ ಧಣಿಗಳು ಸಿಗುವುದಿಲ್ಲ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಸದಸ್ಯ ಬಾಂಧವರು ಈ ವಿಷಯ ಎತ್ತಬೇಕೆಂದು ನನ್ನ ವಿನಂತಿ. ರವಿವಾರ ಮೇಜಿನ ಮುಂದೆ ಕೂರಲು ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.