ಲೈನ್ ಇದ್ದಾ? ಲೈನ್ ಇಲ್ಲೆ!

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರೋ ಪದ ಯಾವುದು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಬಹಳ ಜನ 'ಸೆಟ್' ಅಂತಾರೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಆ ಒಂದು ಪದವನ್ನು ವಿವರಿಸೋಕೇ ಸುಮಾರು 60,000 ಪದ ಖರ್ಚಾಗಿತ್ತು. ಆದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರನ್ನ ಕೇಳಿದ್ರೆ ಗೆಲ್ಲೋದು ಬೇರೆ ಪದ. ಅದು 'ಲೈನ್'.

ಸುಮ್ನೆ ಒಂದು ದಿನದ ಲೆಕ್ಕ ನೋಡಿ. ಹುಲೇಕಲ್ ಕಡೆ ಹೋಗೋ ಬಸ್ಸು 'ಹುಲೇಕಲ್ ಲೈನ್' ಬಸ್ಸು. ಅದರ ಕಂಡಕ್ಟರು 'ಈ ಲೈನಿಗೆ ಹೊಸಬರು'. ಟಿಕೆಟ್ ನೋಡೋಕೆ ಹತ್ತೋರು 'ಲೈನ್ ಚೆಕಿಂಗ್'ನವರು. ಮದುವೆಮನೆಯಲ್ಲಿ ಸಿಕ್ಕ ಮಾವ 'ಯಾವ ಲೈನಲ್ಲಿದ್ದೆ ತಮಾ?' ಅಂತ ಕೇಳಿದ್ರೆ ಅದು ಉದ್ಯೋಗದ ವಿಚಾರಣೆ. 'ಕಂಪ್ಯೂಟರ್ ಲೈನ್' ಅಂದ್ರೆ ಸಾಕು, ಜಾವಾ, ಕ್ಲೌಡ್ ಅಂತೆಲ್ಲ ವಿವರಿಸೋ ಕಷ್ಟ ಇಲ್ಲ. ಕಾಲೇಜು ಹುಡುಗರು 'ಲೈನ್ ಹೊಡಿತಾ ಇದಾನೆ' ಅಂದ್ರೆ ಏನು ಅಂತ ನಿಮಗೆ ಗೊತ್ತು. ಅದೇ ಹುಡುಗ ನಾಲ್ಕು ವರ್ಷ ಬಿಟ್ಟು ನೌಕರಿ ಹಿಡಿದ್ರೆ 'ಅಂತೂ ಲೈನಿಗೆ ಬಂದ'. ಅಪ್ಪಯ್ಯ ಮಧ್ಯಾಹ್ನ ಊಟ ಮಾಡಿ ಮಲಗಿದ್ರೆ ಮಕ್ಕಳಿಗೆ 'ಲೈನ್ ಕ್ಲಿಯರ್'. ಎರಡು ವರ್ಷಕ್ಕೊಮ್ಮೆ ನಡೆಯೋ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ದರ್ಶನಕ್ಕೆ ಲೈನು, ಹಣ್ಣುಕಾಯಿಗೆ ಇನ್ನೊಂದು ಲೈನು.

ಇಷ್ಟೆಲ್ಲ ಲೈನ್ ಆದ್ರೂ ಒಂದು ಸಾಲು ಮಾತ್ರ ಇನ್ನೂ ಬಗ್ಗಿಲ್ಲ. ಬಾಳೆಲೆ ಹಾಕಿ ಕೂತರೆ ಅದು 'ಪಂಕ್ತಿ'ಯೇ. ತಟ್ಟೆ ಹಿಡಿದು ಬಫೆಗೆ ನಿಂತರೆ ಮಾತ್ರ 'ಲೈನು'. ಒಂದೇ ಮದುವೆಮನೆ, ಒಂದೇ ಊಟ. ಆದ್ರೆ ಕೂತವರಿಗೆ ಕನ್ನಡ, ನಿಂತವರಿಗೆ ಇಂಗ್ಲಿಷ್!

ಈ ಪದದ ಬುಡ ಹುಡುಕಿದ್ರೆ ಸಿಗೋದು ಒಂದು ಗಿಡ. ಲ್ಯಾಟಿನ್‌ನಲ್ಲಿ 'ಲೀನಮ್' ಅಂದ್ರೆ ಅಗಸೆ. ಅಗಸೆ ನಾರಿನ ದಾರ 'ಲೀನಿಯಾ'. ಅಲ್ಲಿಂದ ಲೈನ್. ಲಿನನ್ ಶರ್ಟೂ ಅದೇ ಗಿಡದ ಸಂಬಂಧಿ. ಹುಬ್ಬಳ್ಳಿ ಕಡೆ ರೊಟ್ಟಿ ಜೊತೆ ಅಗಸಿ ಹಿಂಡಿ ತಿಂದಿದ್ರೆ, ನೀವು ತಿಂದಿದ್ದೂ ಅದೇ ಗಿಡದ ಬೀಜವನ್ನೇ. ಅಂದ್ರೆ ಲೈನ್ ಮೂಲತಃ ಕಾಗದದ ಮೇಲಿನ ಗೆರೆಯಲ್ಲ, ಎರಡು ತುದಿ ಇರೋ ಒಂದು ದಾರ. ಆ ತುದಿಯಲ್ಲಿ ಏನೋ ಇದೆ, ಈ ತುದಿಯಲ್ಲಿ ನಾವಿದ್ದೀವಿ. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಈ ಹಳೇ ಅರ್ಥವೇ ಇನ್ನೂ ಗಟ್ಟಿ. ಯಾಕಂದ್ರೆ ಇಲ್ಲಿ ಮನೆಗಳು ದೂರ ದೂರ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ, ಬೆಟ್ಟ. ಬೇಕಾದ್ದೆಲ್ಲ ಯಾವುದೋ ದಾರ ಹಿಡಿದೇ ಬರಬೇಕು.

ಮೊದಲು ಬಂದಿದ್ದು ನೀರಿನ ದಾರ. ಗುಡ್ಡದ ಒರತೆಯಿಂದ ಅಡಿಕೆ ಮರದ ದಂಬೆಯಲ್ಲಿ ಮನೆಯಂಗಳಕ್ಕೆ ನೀರು ತರುತ್ತಿದ್ದ ಕಾಲದಲ್ಲಿ ಅದಕ್ಕೆ ಇಂಗ್ಲಿಷ್ ಹೆಸರು ಬೇಕಿರಲಿಲ್ಲ. ದಂಬೆ ಹೋಗಿ ಕಪ್ಪು ಪೈಪು ಬಂದ ಮೇಲೆ ಅದು 'ಪೈಪ್‌ಲೈನ್' ಆಯ್ತು, ಆಮೇಲೆ ಬರೀ 'ಲೈನ್'. ಕಾಡುಕೋಣ ತುಳಿದ್ರೆ ಲೈನ್ ಒಡೀತು, ಎಲೆ ಕಟ್ಟಿಕೊಂಡ್ರೆ ಲೈನ್ ಬ್ಲಾಕು. ಸೋಲಾರ್ ಬೇಲಿ ಬಂದ ಮೇಲೆ ಅದಕ್ಕೂ 'ಸಂಜೆ ಲೈನ್ ಬಿಡು'.

ಆಮೇಲೆ ಕರೆಂಟು. 'ಲೈನ್ ಇದ್ದಾ?' 'ಇಲ್ಲೆ, ಮಧ್ಯಾಹ್ನವೇ ಹೋತು.' ಹವ್ಯಕರ ಮನೆಗಳಲ್ಲಿ ಮಳೆಗಾಲ ಪೂರ್ತಿ ಕೇಳೋ ಮಾತಿದು. ಮಜಾ ಏನಂದ್ರೆ ನಮ್ಮ ಸುತ್ತ ಕರೆಂಟಿಗೆ ಬರ ಇಲ್ಲ. ಸಿದ್ದಾಪುರ ತಾಲೂಕಿನ ಅಂಚಿನಲ್ಲಿರೋ ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗ್ತಿದೆ. ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ ಕಾಳಿ ನದಿಗೆ ಅಣೆಕಟ್ಟಿದೆ. ಅದೇ ನದಿಯ ಕೆಳಗಡೆ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ಅಲ್ಲಿಂದ ಹೊರಟ ದೊಡ್ಡ ಲೈನುಗಳು ಕಾಡು ಸೀಳಿಕೊಂಡು ಬಯಲುಸೀಮೆಗೆ ಹೋಗ್ತವೆ. ಅವು ಎತ್ತರದ ಕಬ್ಬಿಣದ ಗೋಪುರಗಳ ಮೇಲಿರ್ತವೆ, ಕೆಳಗೆ ಅಗಲಕ್ಕೆ ಮರ ಸವರಿರ್ತಾರೆ. ಅದಕ್ಕೇ ಅವಕ್ಕೆ ಮಳೆಗಾಲ ಅಷ್ಟಾಗಿ ತಟ್ಟೋದಿಲ್ಲ. ನಮ್ಮ ಮನೆಗೆ ಬರೋ ಲೈನು ಮಾತ್ರ ಮರಗಳ ಸಂದಿಯಲ್ಲಿ ನುಸುಳಿ ಬರಬೇಕು. ಒಂದು ಕೊಂಬೆ ಸಾಕು, ಹತ್ತು ಮನೆ ಕತ್ತಲೆ. ಲೈನುಗಳಲ್ಲೂ ಹೆದ್ದಾರಿ ಬೇರೆ, ಕಾಲುದಾರಿ ಬೇರೆ.

ಮೂರನೇ ದಾರ ಫೋನಿಂದು, ಅದರ ಬೆನ್ನಿಗೇ ಇಂಟರ್‌ನೆಟ್ಟಿಂದು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿಂದ ಊರಿಗೆ ಬಂದವರಿಗೆಲ್ಲ ಇದರ ಪಾಠ ಆಗಿದೆ. ಶಾಲೆ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಟಾರ್ಪಾಲಿನ್ ಕಟ್ಟಿ ಆನ್‌ಲೈನ್ ಕ್ಲಾಸ್ ಕೇಳಿದ್ರು. 'ಆನ್‌ಲೈನ್' ಅನ್ನೋ ಪದದಲ್ಲೂ ಲೈನ್ ಇದೆ ಅನ್ನೋದು ಬೆಂಗಳೂರಲ್ಲಿ ನೆನಪಾಗಲ್ಲ. ಇಲ್ಲಿ ನೆನಪಾಗುತ್ತೆ. ಕೇಬಲ್ ಮೇಲೆ ಮರ ಬಿದ್ದ ದಿನ ನೀವು ಅಕ್ಷರಶಃ ಆಫ್‌ಲೈನ್. ಡೆಡ್‌ಲೈನ್ ದಿನವೇ ಲೈನ್ ಡೆಡ್ ಆಗೋದು ಅಂತೂ ಮನೆಯಿಂದ ಕೆಲಸ ಮಾಡೋರ ಪಾಲಿಗೆ ಹಳೇ ಜೋಕು.

ಅಂದಹಾಗೆ ಆ 'ಡೆಡ್‌ಲೈನ್' ಹುಟ್ಟಿದ್ದು ಆಫೀಸಲ್ಲಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಹೊತ್ತಿಗೆ ಜಾರ್ಜಿಯಾದ ಆಂಡರ್ಸನ್‌ವಿಲ್ ಅನ್ನೋ ಸೆರೆಶಿಬಿರದಲ್ಲಿ ಗೋಡೆಯಿಂದ ಸ್ವಲ್ಪ ಒಳಗೆ ಒಂದು ಗಡಿ ಹಾಕಿದ್ರು. ಅದನ್ನ ದಾಟಿದ ಕೈದಿಗೆ ಗುಂಡು. ಆ ಗಡಿಯೇ 'ಡೆಡ್ ಲೈನ್'. ಕೆಲಸ ಮುಗಿಸಬೇಕಾದ ತಾರೀಖು ಅನ್ನೋ ಅರ್ಥ ಬಂದಿದ್ದು ಎಷ್ಟೋ ವರ್ಷ ಬಿಟ್ಟು. ಮ್ಯಾನೇಜರ್ ಮುಂದಿನ ಸಲ ಆ ಪದ ಬಳಸಿದಾಗ ಕೊಂಚ ನೆಮ್ಮದಿ ಪಟ್ಟುಕೊಳ್ಳಿ, ನಮ್ಮದು ತಪ್ಪಿದ್ರೆ ಒಂದು ಇಮೇಲ್ ಅಷ್ಟೇ.

ಇಂಗ್ಲಿಷ್ ನಿಘಂಟಿನಲ್ಲಿದ್ದೂ ನಮ್ಮ ಮೂರು ತಾಲೂಕಿಗೆ ಇನ್ನೂ ಬಾರದ ಅರ್ಥ ಒಂದಿದೆ. ಅದು ರೈಲ್ವೆ ಲೈನ್. ಸಿದ್ದಾಪುರದ ಹತ್ತಿರದ ತಾಳಗುಪ್ಪಕ್ಕೆ ಬಂದು ಹಳಿ ನಿಂತುಬಿಟ್ಟಿದೆ. ಕೊಂಕಣ ರೈಲು ಘಟ್ಟದ ಕೆಳಗೆ ಕುಮಟಾ, ಅಂಕೋಲಾ ಹಾದು ಹೋಗುತ್ತೆ. ಯಲ್ಲಾಪುರ ಹಾದು ಹೋಗಬೇಕಿರೋ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು 1990ರ ದಶಕದಿಂದ ಕೇಳ್ತಾನೇ ಇದೆ. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಡ್ತು, ವಿಷಯ ಹೈಕೋರ್ಟಿಗೆ ಹೋಯ್ತು. ಎರಡು ಲಕ್ಷಕ್ಕೂ ಹೆಚ್ಚು ಮರ ಹೋಗುತ್ತೆ ಅನ್ನೋದು ಒಂದು ಕಡೆಯ ವಾದ, ಘಟ್ಟಕ್ಕೂ ಬಂದರಿಗೂ ನೇರ ಸಂಪರ್ಕ ಬೇಕು ಅನ್ನೋದು ಇನ್ನೊಂದು ಕಡೆಯ ವಾದ. ಎರಡೂ ಕಡೆ ನಮ್ಮವರೇ ಇದ್ದಾರೆ.

ಈಗ ಇದೆಲ್ಲಕ್ಕಿಂತ ಮುಖ್ಯವಾದ ಅರ್ಥಕ್ಕೆ ಬರ್ತೀನಿ. ಹಳ್ಳಿ ಮನೆಯ ಯಾವ ಫೋನ್ ತೆಗೆದು ನೋಡಿದ್ರೂ 'ಲೈನ್‌ಮನ್' ಅಂತ ಒಂದು ನಂಬರ್ ಇರುತ್ತೆ. ಹೆಸರು ಇರಲ್ಲ, ಬರೀ ಲೈನ್‌ಮನ್. ಇಲಾಖೆಯ ಕನ್ನಡದಲ್ಲಿ ಅವರು 'ಮಾರ್ಗದಾಳು' ಆಗಿದ್ರು, ಈಗ 'ಪವರ್‌ಮ್ಯಾನ್'. ಊರಿನವರ ಬಾಯಲ್ಲಿ ಮಾತ್ರ ಲೈನ್‌ಮನ್ನೇ. ರಾತ್ರಿ ಗಾಳಿ ಬೀಸಿ ಲೈನ್ ಹೋದ್ರೆ, ಬೆಳಗ್ಗೆ ಇಂಬಳದ ನಡುವೆ ತಂತಿಯ ಗುಂಟ ನಡೆದು, ಎಲ್ಲಿ ಮರ ಬಿದ್ದಿದೆ ಅಂತ ಹುಡುಕೋದು ಅವರು. ಫಾಲ್ಟ್ ಎಲ್ಲಿದೆ ಅಂತ ನಾವು ಕೋಡ್‌ನಲ್ಲಿ ಹುಡುಕೋವಾಗ ಕಂಪ್ಯೂಟರ್ರೇ '214ನೇ ಲೈನ್ ನೋಡು' ಅಂತ ಹೇಳುತ್ತೆ. ಅವರಿಗೆ ಹಾಗೆ ಹೇಳೋರು ಯಾರೂ ಇಲ್ಲ. ಕಾಲೇ ಡಿಬಗ್ಗರ್.

ಅವರ ಕೆಲಸದಲ್ಲಿ 'ಲೈನ್ ಕ್ಲಿಯರ್' ಅನ್ನೋದು ತಮಾಷೆಯ ಮಾತಲ್ಲ. ತಂತಿ ಮುಟ್ಟೋ ಮೊದಲು ಸಬ್‌ಸ್ಟೇಷನ್‌ಗೆ ಹೇಳಿ, ಆ ಫೀಡರ್ ಬಂದ್ ಮಾಡಿಸಿ, ಒಪ್ಪಿಗೆ ಪಡೆಯೋದೇ ಲೈನ್ ಕ್ಲಿಯರ್ ತಗೊಳ್ಳೋದು. ಕೆಲಸ ಮುಗಿದು, ಕಂಬದ ಮೇಲಿದ್ದವರೆಲ್ಲ ಇಳಿದು, ಲೈನ್ ಕ್ಲಿಯರ್ ವಾಪಸ್ ಕೊಟ್ಟ ಮೇಲಷ್ಟೇ ಕರೆಂಟ್ ಬಿಡಬೇಕು. ನಾವು 'ಲೈನ್ ಇಲ್ಲೆ' ಅಂದ್ರೆ ಅದು ಬೇಜಾರು. ಅವರು 'ಲೈನ್ ಇಲ್ಲ' ಅಂದ್ರೆ ಅದು ಜೀವಕ್ಕಿರೋ ಗ್ಯಾರಂಟಿ. ಎರಡೂ ಒಂದೇ ಮಾತು.

ಆ ಗ್ಯಾರಂಟಿಯನ್ನ ಸುಳ್ಳು ಮಾಡೋ ಶಕ್ತಿ ನಮ್ಮ ಮನೆಗಳಲ್ಲೇ ಇದೆ. ಅದಕ್ಕೇ ಇಷ್ಟೆಲ್ಲ ಬರೆದೆ. ಮಳೆಗಾಲಕ್ಕೆ ಅಂತ ಎಷ್ಟೋ ಮನೆಗಳಲ್ಲಿ ಜನರೇಟರ್ ಇದೆ. ಕೆಲವರು ಅದರ ವೈರನ್ನ ಸೀದಾ ಗೋಡೆಯ ಪ್ಲಗ್ಗಿಗೆ ಕೊಟ್ಟು ಇಡೀ ಮನೆಗೆ ಕರೆಂಟ್ ಕೊಡ್ತಾರೆ. ಮೇನ್ ಸ್ವಿಚ್ ಆಫ್ ಮಾಡೋದನ್ನ ಮರೆತ್ರೆ ಆ ಕರೆಂಟು ಮನೆಯಲ್ಲೇ ನಿಲ್ಲೋದಿಲ್ಲ. ಮೀಟರ್ ದಾಟಿ ಕಂಬಕ್ಕೆ, ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ಹೋಗೋ ಬರೋ ದಿಕ್ಕಿನ ಭೇದ ಇಲ್ಲ. 11,000 ವೋಲ್ಟನ್ನ ಇಳಿಸಿ ನಮಗೆ 230 ಕೊಡೋ ಅದೇ ಡಬ್ಬ, ಹಿಂದಿನಿಂದ 230 ಕೊಟ್ರೆ ಏರಿಸಿ ಸಾವಿರಾರು ವೋಲ್ಟ್ ಮಾಡಿ ಮೇಲಿನ ತಂತಿಗೆ ಬಿಡಬಲ್ಲದು. ಸಬ್‌ಸ್ಟೇಷನ್‌ನಲ್ಲಿ ಲೈನ್ ಬಂದ್, ಕೈಯಲ್ಲಿ ಲೈನ್ ಕ್ಲಿಯರ್ ಇದೆ, ಆದ್ರೆ ಕಂಬದ ಮೇಲಿರೋರ ಕೈಲಿರೋ ತಂತಿಯಲ್ಲಿ ಜೀವ ಇದೆ. ತಪ್ಪಾಗಿ ವೈರಿಂಗ್ ಮಾಡಿದ ಇನ್ವರ್ಟರ್‌ನಿಂದಲೂ ಇಂಥ ಅಪಾಯ ಇದ್ದೇ ಇದೆ. ಇದಕ್ಕೇ ಲೈನ್‌ಮನ್‌ಗಳು ಕೆಲಸಕ್ಕೆ ಮೊದಲು ತಂತಿಗೆ ಅರ್ಥಿಂಗ್ ರಾಡ್ ಹಾಕಬೇಕು ಅನ್ನೋ ನಿಯಮ ಇರೋದು. ಆದ್ರೆ ಅವರ ಜೀವವನ್ನ ಒಂದು ರಾಡಿಗಷ್ಟೇ ಒಪ್ಪಿಸಿ ನಾವು ನಿಶ್ಚಿಂತೆಯಿಂದ ಟಿವಿ ನೋಡೋದು ಸರಿಯಲ್ಲ.

ಪರಿಹಾರ ಬಹಳ ಸಣ್ಣದು. ಅದರ ಹೆಸರು ಚೇಂಜ್‌ಓವರ್ ಸ್ವಿಚ್. ಒಂದು ಕಡೆ ತಿರುಗಿಸಿದ್ರೆ ಹೊರಗಿನ ಲೈನು, ಇನ್ನೊಂದು ಕಡೆ ತಿರುಗಿಸಿದ್ರೆ ಜನರೇಟರ್. ಎರಡೂ ಒಟ್ಟಿಗೆ ಸೇರೋಕೆ ಸಾಧ್ಯವೇ ಇಲ್ಲದ ಹಾಗೆ ಅದರ ರಚನೆ. ನಿಮ್ಮ ಮೇನ್ ಸ್ವಿಚ್ ನೆನಪಿನಲ್ಲಿರುತ್ತೆ ಅನ್ನೋ ನಂಬಿಕೆಗಿಂತ ಇದು ಎಷ್ಟೋ ವಾಸಿ.

ನೀವು ಬೆಂಗಳೂರಲ್ಲೋ ಪುಣೆಯಲ್ಲೋ ಕೂತು ಇದನ್ನ ಓದ್ತಿದ್ರೆ ಒಂದು ಕೆಲಸ ಮಾಡಿ. ಊರಿಗೆ ಫೋನ್ ಮಾಡಿದಾಗ ಆಯಿ ಹತ್ರ ಮಳೆ, ಅಡಿಕೆ ರೇಟು, ಕೊಳೆರೋಗ ಎಲ್ಲ ಕೇಳೋದು ಇದ್ದೇ ಇದೆ. ಜೊತೆಗೆ 'ಜನರೇಟರ್‌ಗೆ ಚೇಂಜ್‌ಓವರ್ ಇದ್ದಾ?' ಅಂತಲೂ ಕೇಳಿ. 'ಅದೆಂತದು?' ಅನ್ನೋ ಉತ್ತರ ಬಂದ್ರೆ ಮುಂದಿನ ಸಲ ಹೋದಾಗ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ನ ಕರೆಸಿ ಹಾಕಿಸಿ. ಹರಿದು ಬಿದ್ದ ತಂತಿ ಕಂಡ್ರೆ ಮುಟ್ಟಬೇಡಿ, ದನಕರುಗಳನ್ನೂ ಹತ್ತಿರ ಬಿಡಬೇಡಿ, 1912ಕ್ಕೆ ಫೋನ್ ಮಾಡಿ. ಹಾಗೇ ಫೋನಿನಲ್ಲಿರೋ ಆ 'ಲೈನ್‌ಮನ್' ಅನ್ನೋ ನಂಬರ್ ಪಕ್ಕ ಅವರ ಹೆಸರನ್ನೂ ಸೇರಿಸಿ. ಹೆಸರು ಗೊತ್ತಿಲ್ಲದಿದ್ರೆ ಕೇಳಿ ತಿಳ್ಕೊಳ್ಳಿ.

ಲೈನ್‌ಗೆ ನಮ್ಮಲ್ಲಿ ಇನ್ನೂ ಎಷ್ಟೋ ಅರ್ಥ ಇರಬಹುದು. ನಿಮ್ಮೂರಲ್ಲಿ ಬೇರೆ ಏನಾದ್ರೂ ಇದ್ರೆ ಬರೆದು ಕಳಿಸಿ. ಲೈನ್ ಇದ್ದಾಗ ಕಳಿಸಿದ್ರೆ ಸಾಕು, ಡೆಡ್‌ಲೈನ್ ಏನೂ ಇಲ್ಲ.