ಅಪ್ಪನ ಹಾಗೆ ಗಿಡ್ಡ ಅಂತ ಬಿಟ್ಟುಬಿಡುವ ಮೊದಲು ಮಗುವಿನ ಎತ್ತರ ಅಳೆಸಿ

ವಿಟ್ಲ: "ಅಪ್ಪನೇ ಗಿಡ್ಡ, ಮಗ ಉದ್ದ ಆಗುವುದು ಎಲ್ಲಿಂದ ಮಾರಾಯ್ರೆ?" ಎರಡು ವರ್ಷದ ಮಗುವಿನ ಎತ್ತರದ ಮಾತು ಬಂದರೆ ನಮ್ಮಲ್ಲಿ ಇಷ್ಟಕ್ಕೇ ಮುಗಿಯುತ್ತದೆ. ಕುಂಠಿತ ಬೆಳವಣಿಗೆ ಎಲ್ಲ ರಾಯಚೂರು, ಯಾದಗಿರಿ ಕಡೆಯ ಕಥೆ ಅಂತ ಒಂದು ಧೈರ್ಯ ಬೇರೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ನಮ್ಮ ಜಿಲ್ಲೆ ಆ ಲೆಕ್ಕದಿಂದ ಹೊರಗೆ ಏನೂ ಇಲ್ಲ.

ಅಪ್ಪ-ಅಮ್ಮನ ಎತ್ತರಕ್ಕೆ ಸಂಬಂಧವೇ ಇಲ್ಲ ಅಂತ ಅಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ 6 ದೇಶಗಳ ಮಕ್ಕಳನ್ನು ಅಳೆದಾಗ ಕಂಡದ್ದು ಬೇರೆ. ಎದೆಹಾಲು, ಊಟ, ಆರೈಕೆ ಸರಿ ಇದ್ದರೆ 5 ವರ್ಷದವರೆಗೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ. 2 ವರ್ಷ ತುಂಬುವಾಗ ಗಂಡು ಮಗು ಸುಮಾರು 87 ಸೆಂಟಿಮೀಟರ್, ಹೆಣ್ಣು ಮಗು 86. ಗಂಡು 81ಕ್ಕಿಂತ, ಹೆಣ್ಣು 79ಕ್ಕಿಂತ ಕಡಿಮೆ ಇದ್ದರೆ ಅದು ಕುಂಠಿತ.

ಪೆಟ್ಟು ಬೀಳುವುದು ಬೇಗ. ಬಸುರಿಯಲ್ಲಿ ತಾಯಿಗೆ ರಕ್ತ ಕಡಿಮೆ ಇದ್ದು, ಹುಟ್ಟುವಾಗ ಎರಡೂವರೆ ಕಿಲೋ ಇಲ್ಲದ ಮಗು ಮೊದಲೇ ಹಿಂದೆ ಬಿದ್ದಿರುತ್ತದೆ. 6 ತಿಂಗಳ ನಂತರ ಎದೆಹಾಲಿನ ಜೊತೆ ಊಟ ಕೊಡಬೇಕಾದಾಗ ನಾವು ಕೊಡುವುದು ಏನು? ಗಂಜಿ ತಿಳಿ, ಇಲ್ಲದಿದ್ದರೆ ಚಾದಲ್ಲಿ ಅದ್ದಿದ ಬಿಸ್ಕತ್ತು. ಅಮ್ಮ ಬೀಡಿ ಕಟ್ಟುವಾಗ ಮಗು ಅತ್ತರೆ ಕೈಗೆ ಒಂದು ಪ್ಯಾಕೆಟ್. ಹೊಟ್ಟೆ ತುಂಬಿತು, ಮತ್ತೆ ಊಟ ಬೇಡ. ಅಂಗಡಿಯವರನ್ನು ದೂರಿ ಪ್ರಯೋಜನ ಇಲ್ಲ, ಅದೇ ಅಂಗಡಿಯಲ್ಲಿ ಹೆಸರುಕಾಳು, ಮೊಟ್ಟೆ ಎಲ್ಲ ಉಂಟು. ಒಂದು ಮೊಟ್ಟೆಯ ರೇಟೂ ಪ್ಯಾಕೆಟಿನದ್ದೂ ಹೆಚ್ಚುಕಡಿಮೆ ಅಷ್ಟೇ. ಮುಳ್ಳು ತೆಗೆದು ಹಿಚುಕಿದ ಬೂತಾಯಿ ಮೀನು ಕೂಡ ಆಗುತ್ತದೆ. ಅದೇ ಸಮೀಕ್ಷೆಯಂತೆ ದೇಶದಲ್ಲಿ ಈ ಪ್ರಾಯದ (6ರಿಂದ 23 ತಿಂಗಳು) 100 ಮಕ್ಕಳಲ್ಲಿ ಸಾಕಷ್ಟು ಊಟ ಸಿಗುವುದು 11 ಮಕ್ಕಳಿಗೆ ಮಾತ್ರ.

ಮಳೆಗಾಲದಲ್ಲಿ ಬಾವಿ ನೀರು ಕೆಂಪಾಗುವಾಗ ಕುದಿಸದೆ ಕುಡಿಸಿದರೆ ಭೇದಿ. ಪದೇಪದೇ ಭೇದಿ ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಅಂಗನವಾಡಿಯಲ್ಲಿ ಹಾಲು, ಮೊಟ್ಟೆ ಸಿಗುವುದು 3 ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ಮುಖ್ಯ ಸಮಯ ಕಳೆದಿರುತ್ತದೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಕೊಡುವ ಪುಷ್ಟಿ ಪ್ಯಾಕೆಟ್ ಮನೆಮಂದಿಗೆಲ್ಲ ಹಂಚಿ ಹೋದರೆ ಮಗುವಿಗೆ ಉಳಿಯುವುದೆಷ್ಟು?

ತೂಕ ನೋಡಿ "ಸರಿ ಉಂಟು" ಅಂತ ಬರುವುದು ಸಾಲದು. ಗುಂಡುಗುಂಡಾಗಿ ಕಾಣುವ ಮಗುವೂ ಕುಂಠಿತ ಆಗಿರಬಹುದು. ಮುಂದಿನ ಸಲ ಅಂಗನವಾಡಿಗೆ ಹೋದಾಗ ಎತ್ತರವನ್ನೂ ಅಳೆಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. 2 ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು.